ಬ್ಯಾಕೆಂಡ್ ಕಲಿಯಲು ಒಂದೇ ಸೇವೆ ಸಾಕು, ಕೊನೆವರೆಗೂ ಕಟ್ಟಿ

ಸ್ವಂತವಾಗಿ ಬ್ಯಾಕೆಂಡ್ (ಆ್ಯಪ್‌ನ ಹಿಂದೆ ಸರ್ವರ್‌ನಲ್ಲಿ ಓಡುವ ಭಾಗ) ಕಲಿಯಲು ಹೊರಟವರು ಒಂದು ಫ್ರೇಮ್‌ವರ್ಕ್ (ಸಿದ್ಧ ಕೋಡ್‌ನ ಚೌಕಟ್ಟು) ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರುತ್ತಲೇ ದಣಿಯುತ್ತಾರೆ. ಪೈಥಾನ್, ಜಾವಾ, ಗೋ ಯಾವುದಾದರೂ ಸರಿ, ಒಂದು ಭಾಷೆ ಹಿಡಿದು ಒಂದು ಪುಟ್ಟ ಸೇವೆಯನ್ನು ಪೂರ್ತಿ ಕಟ್ಟಿ. ಗ್ರಂಥಾಲಯದ ಎರವಲು ವ್ಯವಸ್ಥೆ ಇದಕ್ಕೆ ಹೇಳಿ ಮಾಡಿಸಿದ್ದು. ಪುಸ್ತಕ, ಸದಸ್ಯ, ಎರವಲು ಎಂದು ಮೂರೇ ಟೇಬಲ್.

ಮೊದಲು ಎಚ್‌ಟಿಟಿಪಿ, ಅಂದರೆ ಬ್ರೌಸರ್, ಸರ್ವರ್ ಮಾತಾಡಿಕೊಳ್ಳುವ ನಿಯಮ. ಟರ್ಮಿನಲ್‌ನಲ್ಲಿ ಕರ್ಲ್ ಎಂಬ ಸಾಧನ ಬಳಸಿ ವಿನಂತಿ ಕಳಿಸಿ, ಉತ್ತರದ ಜೊತೆ ಬರುವ ಹೆಡರ್‌ಗಳನ್ನು (ಉತ್ತರದ ಬಗೆಗಿನ ವಿವರ) ಓದಿ. ಉತ್ತರದ ಸ್ಥಿತಿ ಸಂಖ್ಯೆ ಸರಿಯಾಗಿರಲಿ: ಎರವಲು ದಾಖಲಾದರೆ 201, ಅಂಥ ಪುಸ್ತಕವೇ ಇಲ್ಲದಿದ್ದರೆ 404, ಪ್ರತಿ ಖಾಲಿಯಾಗಿದ್ದರೆ 409. ಎಲ್ಲಕ್ಕೂ 200 (ಎಲ್ಲ ಸರಿ) ಕಳಿಸಿ ಒಳಗೆ ‘ದೋಷ’ ಎಂದು ಬರೆಯುವ ಚಾಳಿ ಬೇಡ.

ಹೆಚ್ಚಿನ ಸಮಯ ಡೇಟಾಬೇಸ್‌ಗೆ ಕೊಡಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಹಾಕಿಕೊಂಡು, ಓಆರ್‌ಎಂ (ಎಸ್‌ಕ್ಯೂಎಲ್ ಅನ್ನು ನಿಮ್ಮ ಪರವಾಗಿ ಬರೆಯುವ ಲೈಬ್ರರಿ) ಮುಟ್ಟುವ ಮುನ್ನ ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್ ಅನ್ನು ಕೈಯಾರೆ ಬರೆಯಿರಿ. ನಿಜವಾದ ಪಾಠ ಇಲ್ಲಿದೆ: ಉಳಿದಿರುವುದು ಒಂದೇ ಪ್ರತಿ, ಇಬ್ಬರು ಒಂದೇ ಕ್ಷಣದಲ್ಲಿ ಕೇಳುತ್ತಾರೆ. ನಿಮ್ಮ ಕೋಡ್ ಮೊದಲು ಎಷ್ಟಿದೆ ಎಂದು ಓದಿ, ಆಮೇಲೆ ಕಳೆಯುವಂತಿದ್ದರೆ ಇಬ್ಬರಿಗೂ 1 ಕಾಣುತ್ತದೆ, ಇಬ್ಬರಿಗೂ ಪುಸ್ತಕ ದಾಖಲಾಗುತ್ತದೆ. ಒಬ್ಬರೇ ಕೂತು ಪರೀಕ್ಷಿಸುವಾಗ ಈ ದೋಷ ಕಣ್ಣಿಗೇ ಬೀಳದು. ಹಾಗಾಗಿ ಪರಿಶೀಲನೆ, ಕಳೆಯುವಿಕೆ ಎರಡೂ ಒಂದೇ ಅಪ್‌ಡೇಟ್ (UPDATE) ಆದೇಶದಲ್ಲಿ ಇರಲಿ: ‘ಪ್ರತಿ 0ಗಿಂತ ಹೆಚ್ಚಿದ್ದರೆ ಮಾತ್ರ’ ಎಂಬ ಷರತ್ತನ್ನು ಅದರ ವೇರ್ (WHERE) ಭಾಗಕ್ಕೆ ಹಾಕಿ. ಒಂದು ಸಾಲೂ ಬದಲಾಗದಿದ್ದರೆ 409 ಕಳಿಸಿ. ಎರವಲಿನ ಸಾಲು ಸೇರಿಸುವ ಇನ್ಸರ್ಟ್ ಕೂಡ ಅದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲವೂ ಆಗುವ, ಇಲ್ಲವಾದರೆ ಯಾವುದೂ ಆಗದ ಆದೇಶಗಳ ಗುಂಪು) ಇರಬೇಕು. ಇಲ್ಲವಾದರೆ ನಡುವೆ ಸರ್ವರ್ ನಿಂತಾಗ ಪ್ರತಿ ಕಡಿಮೆಯಾಗಿರುತ್ತದೆ, ಒಯ್ದವರ ದಾಖಲೆ ಇರುವುದಿಲ್ಲ.

ಮುಂದೆ, ಎರವಲು ಟೇಬಲ್‌ಗೆ 10 ಲಕ್ಷ ನಕಲಿ ಸಾಲು ತುಂಬಿ. ಒಬ್ಬ ಸದಸ್ಯರ ಎರವಲುಗಳನ್ನು ಹುಡುಕುವ ಪ್ರಶ್ನೆಗೆ, ಡೇಟಾಬೇಸ್ ಹೇಗೆ ಹುಡುಕಿತು ಎಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಸೇರಿಸಿ ಓಡಿಸಿದರೆ, ಇಡೀ ಟೇಬಲ್ ಜಾಲಾಡುತ್ತಿರುವುದು ತಿಳಿಯುತ್ತದೆ. ಫಾರಿನ್ ಕೀ (ಬೇರೆ ಟೇಬಲ್‌ನ ಸಾಲಿಗೆ ಕೊಂಡಿ) ಕೊಟ್ಟ ಮಾತ್ರಕ್ಕೆ ಪೋಸ್ಟ್‌ಗ್ರೆಸ್ ಆ ಕಾಲಮ್‌ಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಮಾಡಿಕೊಡುವುದಿಲ್ಲ, ನೀವೇ ಮಾಡಬೇಕು. ಮಾಡಿದ ಮೇಲೆ ಮತ್ತೆ ಓಡಿಸಿ ಹೋಲಿಸಿ.

ಭದ್ರತೆಯಲ್ಲಿ ರಾಜಿ ಇಲ್ಲದ ಮೂರು ಸಂಗತಿ: ಬಳಕೆದಾರರು ಕೊಟ್ಟ ಪಠ್ಯವನ್ನು ಎಸ್‌ಕ್ಯೂಎಲ್‌ಗೆ ಅಂಟಿಸದೆ ಪ್ಯಾರಾಮೀಟರ್ ಆಗಿ ಕೊಡಿ, ಪಾಸ್‌ವರ್ಡನ್ನು ಆರ್ಗಾನ್2 ಅಥವಾ ಬಿಕ್ರಿಪ್ಟ್‌ನಿಂದ ಹ್ಯಾಶ್ ಮಾಡಿ (ಮೂಲಕ್ಕೆ ತಿರುಗಿಸಲಾಗದ ರೂಪಕ್ಕೆ ಬದಲಿಸಿ), ರಹಸ್ಯ ಕೀಲಿಗಳನ್ನು ಗಿಟ್‌ಗೆ (ಕೋಡ್‌ನ ಬದಲಾವಣೆಗಳನ್ನು ಉಳಿಸಿಡುವ ಸಾಧನ) ಸೇರಿಸಬೇಡಿ. ಸೇರಿಸಿದ ಮೇಲೆ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ (ಉಳಿಸಿಟ್ಟ ಆವೃತ್ತಿ) ಅದು ಉಳಿದಿರುತ್ತದೆ, ಕೀಲಿಯನ್ನೇ ಬದಲಿಸಬೇಕು.

ಕೊನೆಗೆ ಲಿನಕ್ಸ್ ಸರ್ವರ್‌ಗೆ ಏರಿಸಿ. ಕಂಟೇನರ್ (ಆ್ಯಪನ್ನು ಪ್ರತ್ಯೇಕವಾಗಿ ಓಡಿಸುವ ಆವರಣ) ಒಳಗೆ ಆ್ಯಪ್ 127.0.0.1ರಲ್ಲಿ (ತನ್ನೊಳಗಿನ ವಿಳಾಸ) ಕಿವಿಗೊಟ್ಟು ಕೂತಿದ್ದರೆ ಹೊರಗಿನ ವಿನಂತಿ ತಲುಪದು, 0.0.0.0 (ಎಲ್ಲ ವಿಳಾಸ) ಕೊಡಿ. ಮುಂದೆ ನಿಂತು ವಿನಂತಿಗಳನ್ನು ಆ್ಯಪ್‌ಗೆ ದಾಟಿಸುವ ಎಂಜಿನ್‌ಎಕ್ಸ್ 502 (ಹಿಂದಿನಿಂದ ಸರಿಯಾದ ಉತ್ತರ ಬರಲಿಲ್ಲ) ತೋರಿಸಿದರೆ ಅದರ ಸೆಟ್ಟಿಂಗ್ ಕೆದಕುವ ಮೊದಲು ಹಿಂದಿನ ಆ್ಯಪ್ ಓಡುತ್ತಿದೆಯೇ ಎಂದು ಲಾಗ್ ನೋಡಿ. ಪೋಸ್ಟ್‌ಗ್ರೆಸ್‌ನ ಪಿಜಿ ಡಂಪ್ ಸಾಧನದಿಂದ ಬ್ಯಾಕಪ್ ತೆಗೆದು, ಅದನ್ನು ಖಾಲಿ ಡೇಟಾಬೇಸ್‌ಗೆ ಮರುತುಂಬಿಸಿ, ಸಾಲುಗಳನ್ನು ಎಣಿಸಿ ನೋಡಿ.