ಹಿತ್ತಲ ಕಿತ್ತಳೆಯ ಹಳದಿ ಚಿಗುರು ಸರಿಹೋದದ್ದು ಹೀಗೆ

ಸೋಮವಾರಪೇಟೆ ಕಡೆಯ ನಮ್ಮ ಹಿತ್ತಲಲ್ಲಿ ಕೊಡಗಿನ ಕಿತ್ತಳೆ ಮರವೊಂದಿದೆ. ಹೂಮಳೆ ಬಿದ್ದು ಪಕ್ಕದ ತೋಟದ ಕಾಫಿಯೆಲ್ಲ ಬೆಳ್ಳಗೆ ಅರಳಿದಾಗ ಇದೂ ಚಿಗುರಿತು. ಆದರೆ ಎಲೆ ಸಣ್ಣಗೆ, ಚೂಪಾಗಿ, ನೆಟ್ಟಗೆ ನಿಂತಿತ್ತು. ಬೆಳಕಿಗೆ ಹಿಡಿದರೆ ನರ ಮಾತ್ರ ಹಸಿರು, ನಡುವೆಲ್ಲ ಹಳದಿ.

ಗೊಬ್ಬರ ಸಾಲದು ಅಂತ ಅಕ್ಕಪಕ್ಕದವರು ಅಂದರು. ಸಾರಜನಕ ಕಡಿಮೆಯಾದರೆ ಮೊದಲು ಹಳೆ ಎಲೆ ಹಳದಿಯಾಗಬೇಕು. ಇಲ್ಲಿ ಹಳೆಯವು ಕಡುಹಸಿರು. ಬುಡ ಕೆದಕಿ ನೋಡಿದೆ, ಬೇರು ಕೊಳೆತಿರಲಿಲ್ಲ. ಉಳಿದದ್ದು ಸತುವಿನ, ಅಂದರೆ ಜಿಂಕ್‌ನ ಕೊರತೆ. ನಮ್ಮ ಜೋರು ಮಳೆಗೆ ಮಣ್ಣಿನ ಸಾರ ತೊಳೆದುಹೋಗುತ್ತದೆ, ಕಿತ್ತಳೆ ಜಾತಿಯ ಮರಗಳಲ್ಲಿ ಇದು ತೀರಾ ಸಾಮಾನ್ಯ.

ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, 2.5 ಗ್ರಾಂ ಅರಳಿಸಿದ ಸುಣ್ಣ. ಎರಡನ್ನೂ ಬೇರೆ ಬೇರೆ ನೀರಲ್ಲಿ ಕದಡಿ, ಸುಣ್ಣದ ನೀರನ್ನು ಹಳೆ ಪಂಚೆಯಲ್ಲಿ ಸೋಸಿ ಬೆರೆಸಿದೆ. ಸೋಸದಿದ್ದರೆ ಸ್ಪ್ರೇಯರ್ ಮೂತಿ ಕಟ್ಟುತ್ತದೆ. ಸುಣ್ಣ ಮಾತ್ರ ಬಿಡಲೇಬೇಡಿ, ಬರೀ ಜಿಂಕ್ ಸಲ್ಫೇಟ್ ಎಳೆ ಎಲೆಯನ್ನು ಸುಡಬಹುದು. ಹೂವಿಗೆ ಜೇನ್ನೊಣ ಬರುವ ಹೊತ್ತು ಬಿಟ್ಟು, ಮೋಡವಿಲ್ಲದ ಸಂಜೆ ನೋಡಿ, ಎಲೆಯ ಅಡಿಭಾಗವೂ ನೆನೆಯುವಂತೆ ಹೊಡೆದೆ.

ಹಳದಿ ಎಲೆಗಳು ಪೂರ್ತಿ ಹಸಿರಾಗಲಿಲ್ಲ, ಅದನ್ನು ನಿರೀಕ್ಷಿಸಲೂಬಾರದು. ಮುಂದಿನ ಚಿಗುರು ಅಗಲವಾಗಿ, ಒಂದೇ ಬಣ್ಣದಲ್ಲಿ ಬಂತು. ಅದನ್ನು ಕಂಡ ಖುಷಿ ಹೇಳತೀರದು! ಇನ್ನು ಮೇಲೆ ಹೊಸ ಎಲೆ ಮುಕ್ಕಾಲು ಬಲಿತಾಗಲೇ ಹೊಡೆಯುತ್ತೇನೆ.