ಕಲ್ಲುದೋಣಿಯ ಸೋರಿಕೆ ಹುಡುಕಿದ ಬೇಸಿಗೆ

ಹಂಪಿಯ ರಾಜಪ್ರಾಂಗಣದಲ್ಲಿ, 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಮೆಟ್ಟಿಲು ಪುಷ್ಕರಣಿಯತ್ತ ಸಾಗುವ ಕಲ್ಲಿನ ಮೇಲ್ಗಾಲುವೆಯನ್ನು ನೋಡಿದವರಿಗೆ ಅದರ ರಚನೆ ತೀರ ಸರಳವೆನಿಸುತ್ತದೆ: ಸಾಲುಗಂಬಗಳು, ಅವುಗಳ ಮೇಲೆ ದೋಣಿಯಂತೆ ಕೊರೆದ ಉದ್ದನೆಯ ಗ್ರಾನೈಟ್ ಕಲ್ಲುಗಳು. ನಾನು ದುರಸ್ತಿ ಮಾಡಿಸಿದ್ದು ಅದೇ ಸೀಮೆಯಲ್ಲಿ ಹಳ್ಳವೊಂದನ್ನು ದಾಟಿ ಇಂದಿಗೂ ಗದ್ದೆ, ಬಾಳೆತೋಟಗಳಿಗೆ ನೀರೊಯ್ಯುವ ಚಿಕ್ಕದೊಂದು ಮೇಲ್ಗಾಲುವೆಯನ್ನು. ಬೆಳೆ ಒಣಗುವ ಭಯದಿಂದ ರೈತರು ನೀರು ನಿಲ್ಲಿಸಲು ಒಪ್ಪಿದ್ದು 20 ದಿನಗಳಿಗೆ ಮಾತ್ರ.

ಹಿಂದೆ ಯಾರೋ ಸಂದಿಗಳಿಗೆಲ್ಲ ಸಿಮೆಂಟು ಮೆತ್ತಿದ್ದರು. ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವ ಕಲ್ಲಿನೊಡನೆ ಬಿರುಸಾದ ಸಿಮೆಂಟು ಹೊಂದಿಕೊಳ್ಳದೆ ಅಂಚಿನಲ್ಲಿ ಬಿಟ್ಟುಕೊಂಡಿತ್ತು. ಆ ಕೂದಲೆಳೆಯ ಬಿರುಕಿನಿಂದ ಇಳಿದ ನೀರು ಕಂಬಗಳ ಬುಡದ ಮಣ್ಣನ್ನು ಸದ್ದಿಲ್ಲದೆ ಕೊಚ್ಚುತ್ತಿತ್ತು. ಸಂದಿಯಲ್ಲಿ ಬೇರಿಳಿಸಿದ್ದ ಅರಳಿ ಸಸಿಯನ್ನು ಎಳೆದು ಕೀಳದೆ, ಬೇರು ಕಾಣುವಷ್ಟು ಗಾರೆ ಬಿಡಿಸಿ ತುಂಡುತುಂಡಾಗಿ ತೆಗೆದೆವು.

ಸೋರಿಕೆಯ ಜಾಗ ಹುಡುಕುವುದೇ ನಿಜವಾದ ಕೆಲಸ. ದೋಣಿಯ ಎರಡೂ ತುದಿಗೆ ಜೇಡಿಮಣ್ಣಿನ ಕಟ್ಟೆ ಹಾಕಿ, ನೀರು ತುಂಬಿ, ಅನುಮಾನವಿದ್ದ ಸಂದಿಯ ಬಳಿ ಜಾಜು ಕದಡಿ ಬಿಟ್ಟೆವು. ಕೆಂಪು ಹನಿಗಳು ಆ ಸಂದಿಯ ಕೆಳಗೆ ಕಾಣಿಸದೆ, ಎರಡು ಕಂಬ ದಾಟಿ, ಹಳೆಯ ಸಿಮೆಂಟಿನ ಹಿಂದೆಯೇ ಹರಿದು ಬಂದು ತೊಟ್ಟಿಕ್ಕಿದವು. ಹನಿ ಕಂಡಲ್ಲಿ ಮೆತ್ತಿದವರು ಅದೇ ಕಾರಣಕ್ಕೆ ಸೋತಿದ್ದರು.

ವಾರಗಳ ಮೊದಲೇ ಗುಂಡಿಯಲ್ಲಿ ಅರಳಿಸಿಟ್ಟಿದ್ದ ಸುಣ್ಣಕ್ಕೆ ತೊಳೆದ ಮರಳು, ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ ಬೆರೆಸಿ ಅರೆಸಿದೆವು. ಬರಿಯ ಸುಣ್ಣ ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುತ್ತದೆ, ಇಟ್ಟಿಗೆ ಪುಡಿ ಸೇರಿದರೆ ತೇವದಲ್ಲೂ ಬಿಗಿಯುತ್ತದೆ. ಆದರೂ ಮೊದಲ ಭಾಗ ನನ್ನ ಆತುರದಿಂದಲೇ ಕೆಟ್ಟಿತು. ಗೋಣಿಚೀಲ ಹೊದಿಸದೆ ಬಿಟ್ಟಿದ್ದ ಗಾರೆ ಒಂದೇ ಮಧ್ಯಾಹ್ನದ ಬಿಸಿಲಿಗೆ ಜೇಡರಬಲೆಯಂತೆ ಬಿರಿದಿತ್ತು. ಅದನ್ನು ಕಿತ್ತು ಮತ್ತೆ ತುಂಬಿದ್ದಕ್ಕೆ ನಾಲ್ಕು ದಿನ ಹೋಯಿತು. ಉಳಿದ ಭಾಗಕ್ಕೆ ಹಗಲೂ ರಾತ್ರಿ ಒದ್ದೆ ಗೋಣಿ ಹೊದಿಸಿದೆವು. 19ನೆಯ ದಿನ ಮೇಸ್ತ್ರಿ ಉಗುರಿನಿಂದ ಗಾರೆ ಕೆರೆದು, “ಒಳಗ ಇನ್ನೂ ಹಸಿ ಐತ್ರಿ ಸರ, ಎರಡು ದಿನ ತಡೀರಿ” ಎಂದಾಗ, ರೈತರ ಮನೆಗಳಿಗೆ ಹೋಗಿ ಗಡುವು ಬೇಡಿಕೊಂಡು ಬಂದೆ.

ಒಂದು ಸಂದಿ ಈಗಲೂ ಜಿನುಗುತ್ತದೆ. ಅದರ ಕೆಳಗಿನ ಕಂಬ ಬಂಡೆಯ ಮೇಲೆಯೇ ನಿಂತಿರುವುದರಿಂದ ಮುಂದಿನ ಬೇಸಿಗೆಯವರೆಗೆ ಅದನ್ನು ಮುಟ್ಟುವುದಿಲ್ಲ. ಅದಕ್ಕೆ ಬೇಕಾದ ಸುಣ್ಣ ಈಗಾಗಲೇ ಗುಂಡಿಯಲ್ಲಿ ನೆನೆಯುತ್ತಿದೆ.