ವಿಂಡೋಸ್, ಮ್ಯಾಕ್, ಲಿನಕ್ಸ್: ಯಾವುದು ಭದ್ರ ಅಂತ ನಿಮ್ಮ ಮಷಿನ್ ಮೇಲೇ ನೋಡಿಕೊಳ್ಳುವುದು ಹೇಗೆ

ಜಯನಗರ, ಬಸವನಗುಡಿ ಸುತ್ತಮುತ್ತಲ ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಆಡಿಟರ್‌ಗಳು, ಒಂದೆರಡು ಕ್ಲಿನಿಕ್ಕು, ಚಾಮರಾಜಪೇಟೆಯಲ್ಲಿ ಒಂದು ಡಿಟಿಪಿ ಅಂಗಡಿ. ಎಲ್ಲರದೂ ಒಂದೇ ಪ್ರಶ್ನೆ: "ಮ್ಯಾಕ್‌ಗೆ ವೈರಸ್ ಬರಲ್ವಂತೆ, ಹೌದಾ ಮೇಡಂ? ಲಿನಕ್ಸ್ ಹಾಕಿಸಿಬಿಟ್ರೆ ಸೇಫಾ?" ಇದಕ್ಕೆ ಒಂದು ಹೆಸರು ಹೇಳಿ ಸುಮ್ಮನಾಗಲು ನನಗೆ ಮನಸ್ಸು ಬರುವುದಿಲ್ಲ. ಕಳ್ಳರು ಒಳನುಗ್ಗಬಹುದಾದ ತೂತು ಎಲ್ಲದರಲ್ಲೂ ಇರುತ್ತದೆ. ಅದು ಹೊರಗೆ ಗೊತ್ತಾದ ದಿನದಿಂದ ನಿಮ್ಮ ಮಷಿನ್‌ನಲ್ಲಿ ಮುಚ್ಚುವ ದಿನದವರೆಗೆ ಎಷ್ಟು ಕಾಲ ಹಿಡಿಯುತ್ತದೆ, ನಾನು ಮೊದಲು ಅಳೆಯುವುದು ಅದನ್ನು.

ಮೂರರ ಚರಿತ್ರೆಯನ್ನೂ ನೋಡಿ. ವಿಂಡೋಸ್‌ನ ಫೈಲ್ ಶೇರಿಂಗ್‌ನಲ್ಲಿದ್ದ ಒಂದು ತೂತಿಗೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪ್ಯಾಚ್, ಅಂದರೆ ಅದನ್ನು ಮುಚ್ಚುವ ಅಪ್‌ಡೇಟ್, ಕೊಟ್ಟಿತ್ತು. ಆ ತೂತಿನಿಂದ ನುಗ್ಗಿ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಅನ್ನುವ ರಾನ್ಸಮ್‌ವೇರ್ ಹರಡಿದ್ದು ಮೇ 12ರಂದು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳನ್ನೂ ಅದು ಮಲಗಿಸಿತು. ನಡುವೆ ಎರಡು ತಿಂಗಳಿತ್ತು. ಅಷ್ಟರೊಳಗೆ ಅಪ್‌ಡೇಟ್ ಆಗಿದ್ದ ಮಷಿನ್‌ಗಳಿಗೆ ಆ ದಾರಿಯಿಂದ ಅದು ನುಗ್ಗಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಮ್ಯಾಕ್‌ನ ಹೈ ಸಿಯೆರಾ ಆವೃತ್ತಿಯಲ್ಲಿ ಯೂಸರ್ ಹೆಸರಿನ ಜಾಗದಲ್ಲಿ 'ರೂಟ್' ಅಂತ ಹಾಕಿ ಪಾಸ್‌ವರ್ಡ್ ಖಾಲಿ ಬಿಟ್ಟರೆ ಯಜಮಾನನ ಅಧಿಕಾರವೇ ಸಿಗುತ್ತಿತ್ತು. ಸುದ್ದಿಯಾದ ಮರುದಿನವೇ ಆಪಲ್ ಅದನ್ನು ಮುಚ್ಚಿತು. ಲಿನಕ್ಸ್‌ನಲ್ಲಿ ಪಿಡಬ್ಲ್ಯುಎನ್‌ಕಿಟ್ ಅನ್ನುವ ತೂತು 2022ರ ಜನವರಿಯಲ್ಲಿ ಬೆಳಕಿಗೆ ಬಂತು. ಅದು 2009ರಿಂದಲೂ ಅಲ್ಲೇ ಕೂತಿತ್ತು.

ಹಾಗಾಗಿ ಮೊದಲ ಕೆಲಸ ತಾರೀಕು ನೋಡುವುದು. ಜಯನಗರದ ಒಂದು ಆಡಿಟರ್ ಆಫೀಸಿನಲ್ಲಿ ಮೂರು ಬಗೆಯ ಮಷಿನ್ ಇವೆ. ಟ್ಯಾಲಿಗೆ ವಿಂಡೋಸ್ 11ರ ಡೆಸ್ಕ್‌ಟಾಪ್, ಆಡಿಟರ್ ಸಾರ್ ಅವರದ್ದು 2015ರ ಮ್ಯಾಕ್‌ಬುಕ್ ಏರ್, ಆರ್ಟಿಕಲ್‌ಶಿಪ್ ಮಾಡುವ ಹುಡುಗನ ಹತ್ತಿರ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 18.04 ಇರುವ ಹಳೇ ಲ್ಯಾಪ್‌ಟಾಪ್. ಅಲ್ಲಿ ಎಲ್ಲರಿಗೂ ಭಯ ಇದ್ದದ್ದು ಡೆಸ್ಕ್‌ಟಾಪ್ ಬಗ್ಗೆ. ತಾರೀಕು ತೆಗೆದಾಗ ಕಂಡದ್ದು ಬೇರೆ. ಆ ಮ್ಯಾಕ್‌ಬುಕ್‌ಗೆ ಮಾಂಟೆರೇ ಅನ್ನುವ ಆವೃತ್ತಿಗಿಂತ ಮೇಲಿನದ್ದು ಹತ್ತುವುದಿಲ್ಲ, ಮಾಂಟೆರೇಗೆ ಕೊನೆಯ ಅಪ್‌ಡೇಟ್ ಬಂದದ್ದು 2024ರ ಜುಲೈನಲ್ಲಿ. ಉಬುಂಟು 18.04ರ ಸಾಮಾನ್ಯ ಬೆಂಬಲ 2023ರ ಮೇ ತಿಂಗಳಿಗೇ ಮುಗಿದಿತ್ತು. ತಿಂಗಳು ತಿಂಗಳೂ ತಪ್ಪದೆ ಪ್ಯಾಚ್ ಪಡೆಯುತ್ತಿದ್ದದ್ದು ವಿಂಡೋಸ್ ಒಂದೇ.

ನೀವೂ ಹೀಗೆ ನೋಡಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಒಳಗೆ ಆವೃತ್ತಿ ಇರುತ್ತದೆ. ವಿಂಡೋಸ್ 11 ಅಂದರೆ ಸಾಲದು. 23ಎಚ್2, 24ಎಚ್2 ಅಂತ ಇರುತ್ತದಲ್ಲ, ಹೋಮ್ ಮತ್ತು ಪ್ರೋದಲ್ಲಿ ಅಂಥ ಒಂದೊಂದಕ್ಕೂ 24 ತಿಂಗಳ ಆಯಸ್ಸು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಅದರಾಚೆ ಅಪ್‌ಡೇಟ್ ಕೊಡುವ ವ್ಯವಸ್ಥೆಯನ್ನೂ ಮೈಕ್ರೋಸಾಫ್ಟ್ ಮಾಡಿತು. ಆಪಲ್ ಇಂಥ ದಿನಕ್ಕೆ ನಿಲ್ಲಿಸುತ್ತೇವೆ ಅಂತ ಮುಂಚಿತವಾಗಿ ಹೇಳುವುದಿಲ್ಲ. ಹೊಸ ಆವೃತ್ತಿ ಮತ್ತು ಅದರ ಹಿಂದಿನ ಎರಡಕ್ಕೆ ಪ್ಯಾಚ್ ಬರುವುದು ರೂಢಿ, ಅದರಲ್ಲೂ ಎಲ್ಲ ತೂತು ಮುಚ್ಚುವುದು ಹೊಸದರಲ್ಲಿ ಮಾತ್ರ. ಉಬುಂಟುವಿನ ಎಲ್‌ಟಿಎಸ್, ಅಂದರೆ ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿಗಳಿಗೆ ಐದು ವರ್ಷ. ಉಬುಂಟು ಪ್ರೋಗೆ ನೋಂದಾಯಿಸಿದರೆ ಅದು ಹತ್ತಕ್ಕೆ ಏರುತ್ತದೆ, ಐದು ಮಷಿನ್‌ವರೆಗೆ ದುಡ್ಡು ಕೊಡಬೇಕಿಲ್ಲ. ಹುಡುಗನ ಲ್ಯಾಪ್‌ಟಾಪ್‌ಗೆ 24.04 ಹೊಸದಾಗಿ ಹಾಕಿದೆ.

ಆವೃತ್ತಿ ಸರಿ ಇದ್ದರೂ ಅಪ್‌ಡೇಟ್ ನಿಜವಾಗಿ ಇಳಿಯುತ್ತಿದೆಯಾ ಅಂತ ಹಿಸ್ಟರಿ ತೆಗೆದು ನೋಡಬೇಕು. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಪ್ಯಾಚ್ ಬಿಡುತ್ತದೆ. ಮೂರು ತಿಂಗಳಿಂದ ಹಿಸ್ಟರಿಯಲ್ಲಿ ಏನೂ ಇಲ್ಲ ಅಂದರೆ ಯಾರೋ ಅಪ್‌ಡೇಟ್ ತಡೆದಿಟ್ಟಿರಬಹುದು, ಇಲ್ಲವೇ ಡಿಸ್ಕ್ ತುಂಬಿರಬಹುದು.

ಕೆಲವರು ತೂತಿನ ಲೆಕ್ಕ ತಂದು ತೋರಿಸುತ್ತಾರೆ: ಲಿನಕ್ಸ್‌ನಲ್ಲಿ ಇಷ್ಟು ಸಿವಿಇ (ಗೊತ್ತಾದ ಒಂದೊಂದು ತೂತಿಗೂ ಕೊಡುವ ಸಂಖ್ಯೆ), ವಿಂಡೋಸ್‌ನಲ್ಲಿ ಇಷ್ಟು ಅಂತ. ಈ ಹೋಲಿಕೆಯನ್ನು ದಯವಿಟ್ಟು ನಂಬಬೇಡಿ. ಲಿನಕ್ಸ್‌ನ ತಿರುಳಾದ ಕರ್ನಲ್ ನೋಡಿಕೊಳ್ಳುವ ತಂಡ 2024ರ ಫೆಬ್ರವರಿಯಿಂದ ತಾನೇ ಸಿವಿಇ ಸಂಖ್ಯೆ ಕೊಡಲು ಶುರುಮಾಡಿತು. ಭದ್ರತೆಗೆ ಸಂಬಂಧ ಇರಬಹುದು ಅನ್ನಿಸುವ ಪುಟ್ಟ ತಿದ್ದುಪಡಿಗೂ ಸಂಖ್ಯೆ ಬೀಳುತ್ತದೆ, ಹಾಗಾಗಿ ಲೆಕ್ಕ ಒಮ್ಮೆಲೇ ಸಾವಿರಗಳಿಗೆ ಜಿಗಿಯಿತು. ಕರ್ನಲ್ ರಾತ್ರೋರಾತ್ರಿ ಕೆಟ್ಟುಹೋಗಲಿಲ್ಲ. ಅದಕ್ಕಿಂತ ಉಪಯೋಗಕ್ಕೆ ಬರುವುದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2021ರ ನವೆಂಬರ್‌ನಿಂದ ಇಟ್ಟುಕೊಂಡು ಬಂದಿರುವ ಪಟ್ಟಿ. ಕಳ್ಳರು ನಿಜವಾಗಿ ಬಳಸಿರುವ ತೂತುಗಳು ಮಾತ್ರ ಅದರಲ್ಲಿ ಇರುತ್ತವೆ. ಅಲ್ಲಿ ಅತಿ ಹೆಚ್ಚು ಕಾಣುವ ಹೆಸರು ಮೈಕ್ರೋಸಾಫ್ಟ್. ಆಫೀಸು, ಬ್ಯಾಂಕು ಎಲ್ಲ ಕಡೆ ಅದೇ ಇರುವಾಗ ಕಳ್ಳರ ಕಣ್ಣೂ ಅಲ್ಲೇ. ವಿಂಡೋಸ್ ಇಟ್ಟುಕೊಂಡವರು ಅಪ್‌ಡೇಟ್ ವಿಷಯದಲ್ಲಿ ಉಳಿದವರಿಗಿಂತ ಚುರುಕಾಗಿರಬೇಕು ಅಂತ ನಾನು ಹಠ ಹಿಡಿಯುವುದು ಇದಕ್ಕೇ. ನಮ್ಮ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ ವಿಂಡೋಸ್, ಆಪಲ್, ಆಂಡ್ರಾಯ್ಡ್ ಅಂತ ಒಂದೊಂದರ ಬಗ್ಗೆಯೂ ಎಚ್ಚರಿಕೆ ಹೊರಡಿಸುತ್ತದೆ. ನಿಮ್ಮ ಆವೃತ್ತಿಯ ಹೆಸರು ಕಂಡರೆ ಅವತ್ತೇ ಅಪ್‌ಡೇಟ್ ಮಾಡಿ.

ಮುಂದಿನದು ಸಾಫ್ಟ್‌ವೇರ್ ಎಲ್ಲಿಂದ ಬರುತ್ತದೆ ಅನ್ನುವುದು. ನನ್ನ ಮಟ್ಟಿಗೆ ಇಲ್ಲಿ ಲಿನಕ್ಸ್ ಮುಂದು. ಬೇಕಾದ್ದೆಲ್ಲ ಉಬುಂಟುವಿನಂಥ ಲಿನಕ್ಸ್ ವಿತರಕರ ಭಂಡಾರದಿಂದ, ಡಿಜಿಟಲ್ ಸಹಿ ಪರೀಕ್ಷೆಯಾಗಿ ಬರುತ್ತದೆ. ಯಾವುದೋ ಸೈಟಿನ ಹಸಿರು 'ಡೌನ್‌ಲೋಡ್' ಬಟನ್ ಒತ್ತುವ ಗೋಜಿಲ್ಲ. ಹಾಗಂತ ಅಲ್ಲೂ ಕೈ ಹಾಕಿದವರಿದ್ದಾರೆ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಸೈಟ್ ಹ್ಯಾಕ್ ಮಾಡಿ, ಹಿಂಬಾಗಿಲು ಸೇರಿಸಿದ ಐಎಸ್‌ಒ ಫೈಲ್ (ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಫೈಲ್) ಹಂಚಿದ್ದರು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನುವ ಕಂಪ್ರೆಶನ್ ಲೈಬ್ರರಿಯಲ್ಲಿ ಹಿಂಬಾಗಿಲು ಸಿಕ್ಕಿತು. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್, ದೂರದಿಂದ ಮಷಿನ್ ಒಳಹೊಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಬೆನ್ನು ಹತ್ತಿ ಹಿಡಿದದ್ದು ಅದನ್ನು. ಓದಿದಾಗ ಆ ಮನುಷ್ಯನಿಗೆ ಕೈ ಮುಗಿಯಬೇಕು ಅನ್ನಿಸಿತು. ಅದು ಸೇರಿಕೊಂಡಿದ್ದು ಡೆಬಿಯನ್, ಫೆಡೋರಾ ಅನ್ನುವ ಲಿನಕ್ಸ್ ಬಗೆಗಳ ಪರೀಕ್ಷಾ ಆವೃತ್ತಿಗಳಿಗೆ; ಉಬುಂಟು ಎಲ್‌ಟಿಎಸ್ ಬಿಡುಗಡೆಗಳಿಗೆ ತಲುಪಲಿಲ್ಲ. ಆಫೀಸ್ ಕೆಲಸಕ್ಕೆ ಎಲ್‌ಟಿಎಸ್ ಬಿಟ್ಟು ಬೇರೆ ಹಾಕಬೇಡಿ.

ವಿಂಡೋಸ್‌ನಲ್ಲಿ ನಾನು ಮೊದಲು ಹುಡುಕುವುದು ಆ್ಯಕ್ಟಿವೇಟರ್. ಕಡಿಮೆ ದುಡ್ಡಿಗೆ ಅಸೆಂಬಲ್ ಮಾಡಿಸಿದ ಎಷ್ಟೋ ಮಷಿನ್‌ಗಳಲ್ಲಿ ಲೈಸೆನ್ಸ್ ಇಲ್ಲದ ವಿಂಡೋಸ್ ಇರುತ್ತದೆ. ಅದನ್ನು ಆ್ಯಕ್ಟಿವೇಟ್ ಮಾಡುವ ಪ್ರೋಗ್ರಾಂ ಮೊದಲು ಕೇಳುವುದೇ ವಿಂಡೋಸ್‌ನ ಸ್ವಂತ ಆ್ಯಂಟಿವೈರಸ್ ಡಿಫೆಂಡರ್ ಆಫ್ ಮಾಡಿ ಅಂತ. ವಿಂಡೋಸ್ ಸೆಕ್ಯುರಿಟಿ ತೆರೆದು 'ಎಕ್ಸ್‌ಕ್ಲೂಶನ್ಸ್', ಅಂದರೆ ಡಿಫೆಂಡರ್ ಸ್ಕ್ಯಾನ್ ಮಾಡದೆ ಬಿಡುವ ಜಾಗಗಳ ಪಟ್ಟಿ, ನೋಡಿ. ನೀವು ಸೇರಿಸದ ಫೋಲ್ಡರ್ ಯಾವುದಾದರೂ ಅಲ್ಲಿದ್ದರೆ ಆ ಮಷಿನ್‌ನಲ್ಲಿ ನೆಟ್‌ಬ್ಯಾಂಕಿಂಗ್ ನಿಲ್ಲಿಸಿ, ಫಾರ್ಮ್ಯಾಟ್ ಮಾಡಿಸಿ.

ಅಡ್ಮಿನ್ ಅಕೌಂಟಿನ ಮಾತು ಚಿಕ್ಕದು. ಮೂರರಲ್ಲೂ ಮೊದಲು ಮಾಡಿದ ಅಕೌಂಟಿಗೆ ಅಡ್ಮಿನ್ ಅಧಿಕಾರ ಇರುತ್ತದೆ. ಇನ್ನೊಂದು ಸ್ಟ್ಯಾಂಡರ್ಡ್ ಅಕೌಂಟ್ ಮಾಡಿ ದಿನದ ಕೆಲಸ ಅದರಲ್ಲೇ ಮಾಡಿ. ಆದರೆ ನಿಮ್ಮ ಅಕೌಂಟಿನಲ್ಲಿ ಓಡುವ ಪ್ರೋಗ್ರಾಂ ನಿಮ್ಮ ಫೈಲುಗಳನ್ನು ಮುಟ್ಟಬಲ್ಲದು. ರಾನ್ಸಮ್‌ವೇರ್‌ಗೆ ಅಷ್ಟು ಸಾಕು, ಅದಕ್ಕೆ ಅಡ್ಮಿನ್ ಬೇಕೇ ಬೇಕು ಅಂತಿಲ್ಲ. ಇದಕ್ಕೆ ಮದ್ದು ಬ್ಯಾಕಪ್. ಕಾಪಿ ಆದಮೇಲೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕಿತ್ತು ಬೀರುವಿನಲ್ಲಿಡಿ.

ಮಷಿನ್ ಕಳೆದುಹೋದರೆ ಏನು ಗತಿ ಅನ್ನುವುದನ್ನು ಹೋಲಿಸುವವರು ಕಡಿಮೆ. ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಬ್ಯಾಗು ಆಟೋದಲ್ಲಿ, ಮೆಟ್ರೋದಲ್ಲಿ, ಪಿಜಿಯ ಮಂಚದ ಮೇಲೆ ಉಳಿದುಬಿಡುವುದು ದಿನಾ ನಡೆಯುವಂಥದ್ದು. ನಾನು ಮಾಡುವ ಪರೀಕ್ಷೆ ಹೀಗೆ: ಉಬುಂಟು ಇರುವ ಪೆನ್‌ಡ್ರೈವ್ ಚುಚ್ಚಿ ಅದರಿಂದಲೇ ಬೂಟ್ ಮಾಡಿ, 'ಟ್ರೈ ಉಬುಂಟು' ಆರಿಸಿ, ಲ್ಯಾಪ್‌ಟಾಪಿನ ಒಳಗಿನ ಡಿಸ್ಕ್ ಮೇಲೆ ಕ್ಲಿಕ್ ಮಾಡುತ್ತೇನೆ. ಹೊಸದು ಹಾಕುವ ಮುಂಚೆ ಆ ಹುಡುಗನ ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್ ಕೇಳದೆಯೇ ಹೋಮ್ ಫೋಲ್ಡರ್ ತೆರೆದುಕೊಂಡಿತು. ಕ್ಲೈಂಟ್‌ಗಳ ಪ್ಯಾನ್ ಕಾರ್ಡ್, ಫಾರಂ 16, ಬ್ಯಾಂಕ್ ಸ್ಟೇಟ್‌ಮೆಂಟ್, ಎಲ್ಲ ಸಾಲಾಗಿ ಕೂತಿದ್ದವು. ಲಾಗಿನ್ ಪಾಸ್‌ವರ್ಡ್ ಇತ್ತು, ಗಟ್ಟಿಯಾದದ್ದೇ ಇತ್ತು. ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಮಾಡಿರದಿದ್ದರೆ, ಆ ಪಾಸ್‌ವರ್ಡ್‌ನಿಂದ ಪ್ರಯೋಜನವಿಲ್ಲ. ಉಬುಂಟುವಿನಲ್ಲಿ ಈ ಎನ್‌ಕ್ರಿಪ್ಶನ್ ಅನ್ನು ಇನ್‌ಸ್ಟಾಲ್ ಮಾಡುವಾಗಲೇ ಆರಿಸಬೇಕು, ಆಮೇಲೆ ಸೇರಿಸುವುದು ಬಹಳ ತ್ರಾಸು. ವಿಂಡೋಸ್‌ನಲ್ಲಿ ಹೋಮ್‌ಗೆ 'ಡಿವೈಸ್ ಎನ್‌ಕ್ರಿಪ್ಶನ್', ಪ್ರೋಗೆ ಬಿಟ್‌ಲಾಕರ್. ಆನ್ ಮಾಡಿದಾಗ ಸಿಗುವ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಪ್ರಿಂಟ್ ತೆಗೆದು ಮನೆಯಲ್ಲಿಡಿ; ಮದರ್‌ಬೋರ್ಡ್ ಬದಲಾದರೆ ಅದಿಲ್ಲದೆ ಫೈಲ್ ಸಿಗುವುದಿಲ್ಲ. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಆನ್ ಇದೆಯಾ ನೋಡಿದರೆ ಸಾಕು. ಸಾರ್ ಅವರ 2015ರ ಏರ್‌ನಲ್ಲಿ ಡಿಸ್ಕನ್ನು ತಾನಾಗಿಯೇ ಎನ್‌ಕ್ರಿಪ್ಟ್ ಮಾಡುವ ಆಪಲ್‌ನ ಭದ್ರತಾ ಚಿಪ್ ಇಲ್ಲ, ಫೈಲ್‌ವಾಲ್ಟೂ ಆಫ್ ಇತ್ತು.

ಚಾಮರಾಜಪೇಟೆಯ ಡಿಟಿಪಿ ಅಂಗಡಿಯದು ಬೇರೆಯೇ ಕಥೆ. ಹಳೆಯ ನುಡಿ ಫಾಂಟ್‌ನಲ್ಲಿ ಕಂಪೋಸ್ ಮಾಡಿದ ವರ್ಷಗಳ ಪೇಜ್‌ಮೇಕರ್ ಫೈಲುಗಳು, ಅವನ್ನು ತೆರೆಯಲು ವಿಂಡೋಸ್ 7 ಮಷಿನ್. ಅದಕ್ಕೆ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ. ಬಿಸಾಡಿ ಅಂದರೆ ಅವರ ಹೊಟ್ಟೆಪಾಡು ಹೋಗುತ್ತದೆ. ಅದರ ನೆಟ್‌ವರ್ಕ್ ಕೇಬಲ್ ತೆಗೆಸಿದೆ, ವೈಫೈ ಕಾರ್ಡ್ ಬಿಚ್ಚಿಸಿದೆ. ಗಿರಾಕಿಗಳ ಪೆನ್‌ಡ್ರೈವ್ ಪಕ್ಕದ ವಿಂಡೋಸ್ 11ರಲ್ಲಿ ಸ್ಕ್ಯಾನ್ ಆದಮೇಲೆ ಮಾತ್ರ ಇದಕ್ಕೆ ಬರುತ್ತದೆ, ಈಮೇಲ್ ಕೂಡ ಅಲ್ಲೇ. ಬದಲಾಯಿಸಲಾಗದ ಹಳೇ ಮಷಿನ್ ನಿಮ್ಮಲ್ಲಿದ್ದರೆ ಹೀಗೇ ಮಾಡಿ.

ಇಷ್ಟಾದಮೇಲೆ ಫೋನನ್ನೂ ಇದೇ ಹೋಲಿಕೆಗೆ ಸೇರಿಸಿಕೊಳ್ಳಿ, ಯಾಕೆಂದರೆ ಓಟಿಪಿ ಬರುವುದು ಅಲ್ಲಿಗೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ 'ಸೆಕ್ಯುರಿಟಿ ಅಪ್‌ಡೇಟ್' ಪಕ್ಕದ ತಾರೀಕು ಓದಿ. ಅದು ವರ್ಷದ ಹಿಂದಿನದ್ದಾಗಿದ್ದು ಹೊಸ ಅಪ್‌ಡೇಟೂ ಸಿಗದಿದ್ದರೆ, ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್ಮನ್ನು ಪ್ಯಾಚ್ ಬರುತ್ತಿರುವ ಬೇರೆ ಫೋನಿಗೆ ಹಾಕಿ.